ಮೆಣಸಿನ ವ್ಯಾಪಾರದ ಮೇಲೆ ಪಿಎಚ್.ಡಿ.: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮುಗಿಸುತ್ತಿದ್ದೇನೆ. 17ನೇ ಶತಮಾನದ ಮೆಣಸಿನ ವ್ಯಾಪಾರದ ಬಗ್ಗೆ ಸಂಶೋಧನೆ ಮಾಡುವ ಆಸೆ. ಡಚ್ ಬಾರದು. ತರಗತಿಯಲ್ಲಿ ತೊಂಬತ್ತು ಮಂದಿ. ಪ್ರಾಧ್ಯಾಪಕರಿಗೆ ನನ್ನ ಹೆಸರೂ ಗೊತ್ತಿಲ್ಲ.

ಉತ್ತರ 1: ಭಾಷೆಯಿಂದಲೇ ಆರಂಭಿಸಿ. ಆ ಮೆಣಸಿನ ವ್ಯಾಪಾರ ನಡೆಸುತ್ತಿದ್ದ, 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳ ದೊಡ್ಡ ಭಾಗ ನೆದರ್ಲೆಂಡ್ಸ್‌ನ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಬಹಳಷ್ಟು ಪುಟಗಳನ್ನು ಮನೆಯಿಂದಲೇ ನೋಡಬಹುದು. ಆದರೆ ಅಚ್ಚಿನ ಡಚ್ ಕಲಿತರೆ ಸಾಲದು, ಆ ಕಾಲದ ಕೈಬರಹ ಬೇರೆಯೇ ಲೋಕ. ಮೊದಲ ಪುಟಕ್ಕೆ ನನಗೆ ಹನ್ನೊಂದು ದಿನ ಹಿಡಿಯಿತು. ಒದ್ದೆಯಾದ ಮೂಟೆಗಳ ಬಗ್ಗೆ ಗುಮಾಸ್ತನೊಬ್ಬ ಬರೆದ ದೂರು ಕೊನೆಗೆ ಅರ್ಥವಾದಾಗ ಕಣ್ಣು ತುಂಬಿ ಬಂದಿತ್ತು.

ಉತ್ತರ 2: ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಎರಡು ಪುಟದ ಪ್ರಸ್ತಾವ ಬರೆದುಕೊಂಡು ನೇರವಾಗಿ ಅವರ ಕೊಠಡಿಗೇ ಹೋಗಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಬರೆಯಲು ಕುಳಿತಿದ್ದೇನೆ.