ಜಪಾನಿನ ವಗಾಶಿ ನಮ್ಮ ಸಿಹಿಗಿಂತ ಆರೋಗ್ಯಕರವೇ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದ್ದರೂ ಊಟದ ಮೇಲೆ ಸಿಹಿ ಬಿಡಲೊಲ್ಲರು. ಟೋಕಿಯೊದಲ್ಲಿ ಕೆಲಸದಲ್ಲಿರುವ ತಂಗಿಯು ಅಲ್ಲಿನ ಸಾಂಪ್ರದಾಯಿಕ ಸಿಹಿಗಳಾದ ವಗಾಶಿಯಲ್ಲಿ ಬೆಣ್ಣೆ, ತುಪ್ಪ ಇಲ್ಲದ ಕಾರಣ ಮೈಸೂರು ಪಾಕಿಗಿಂತ ಅವೇ ವಾಸಿ ಎನ್ನುತ್ತಾಳೆ, ಮುಂದಿನ ತಿಂಗಳು ಯೋಕಾನ್ (ಕಾಳಿನ ಸಿಹಿ ಹೂರಣವನ್ನು ಹೆಪ್ಪುಗಟ್ಟಿಸಿದ ತುಂಡು) ಮತ್ತು ಮೋಚಿ (ಅಂಟು ಅಕ್ಕಿಯ ಮೆತ್ತನೆಯ ಉಂಡೆ) ತರುವವಳಿದ್ದಾಳೆ. ಅವಳ ಮಾತು ಎಷ್ಟರ ಮಟ್ಟಿಗೆ ಸರಿ? ಇಲ್ಲಿ ಸಿಗುವ ಸಾಮಗ್ರಿಯಿಂದ ಇವುಗಳನ್ನು ಮಾಡಬಹುದೇ?

ಉತ್ತರ: ಆಗುಂಬೆ ಮಳೆ, ತೀರ್ಥಹಳ್ಳಿ

ಜಿಡ್ಡಿನ ವಿಷಯದಲ್ಲಿ ನಿಮ್ಮ ತಂಗಿಯ ಮಾತು ಸರಿ, ಸಕ್ಕರೆಯ ವಿಷಯದಲ್ಲಿ ಅಲ್ಲ. ವಗಾಶಿಯ ಜೀವಾಳವಾದ ಆಂಕೋ ಎಂದರೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆಯೊಡನೆ ಕಾಯಿಸಿದ ಹೂರಣ. ಒಣ ಕಾಳಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಸಕ್ಕರೆ ಹಾಕುವುದು ಅಲ್ಲಿನ ರೂಢಿ. ಒಂದು ಗ್ರಾಂ ಜಿಡ್ಡಿನಲ್ಲಿ 9 ಕ್ಯಾಲೊರಿ, ಸಕ್ಕರೆಯಲ್ಲಿ 4 ಇರುವುದರಿಂದ ಅಷ್ಟೇ ತೂಕದ ಮೈಸೂರು ಪಾಕಿಗಿಂತ ಯೋಕಾನ್ ಹಗುರವೆನ್ನುವುದು ನಿಜ. ಆದರೆ ಗಟ್ಟಿ ಯೋಕಾನಿನ 50 ಗ್ರಾಂ ತುಂಡೊಂದರಲ್ಲಿ 30 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ಇರುತ್ತದೆ, ಅದರಲ್ಲಿ ಬಹುಪಾಲು ಸಕ್ಕರೆಯೇ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಬೆರೆಸಿದ ಸಕ್ಕರೆಯನ್ನು 25 ಗ್ರಾಂ ಒಳಗೆ ಇಟ್ಟುಕೊಂಡರೆ ಉತ್ತಮವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ.

ವಗಾಶಿಯಲ್ಲಿ ನಾವು ಕಲಿಯಬೇಕಾದದ್ದು ತಿನ್ನುವ ಕ್ರಮವನ್ನು. ಅಲ್ಲಿನ ಚಹಾಕೂಟದಲ್ಲಿ ಅಂಗೈಯಗಲದ ತಟ್ಟೆಯಲ್ಲಿ ಒಂದೇ ಒಂದು ಸಿಹಿ ಕೊಡುತ್ತಾರೆ. ಅದು ಮುಗಿದ ಮೇಲೆ ಬರುವ ಮಚ್ಚಾ ಎಂಬ ಹಸಿರು ಪುಡಿಯ ಚಹಾದಲ್ಲಿ ಸಕ್ಕರೆಯೂ ಇಲ್ಲ, ಹಾಲೂ ಇಲ್ಲ. ನಮ್ಮಲ್ಲಿ ಹೋಳಿಗೆ ಬಡಿಸುವವರು ‘ಇನ್ನೊಂದು’ ಎನ್ನದೆ ಮುಂದಿನ ಎಲೆಗೆ ಹೋದದ್ದುಂಟೇ?

ಉತ್ತರ: ಅಡಿಗೆಮನೆ, ಸಾಗರ

ಮನೆಯಲ್ಲೇ ಮಾಡಬಹುದು, ಮಾಡುವುದೇ ಮೇಲು, ಏಕೆಂದರೆ ಸಕ್ಕರೆಯ ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ. ಅಜುಕಿಯ ಬದಲು ಕೆಂಪು ಅಲಸಂದೆ ಸಾಕು. ಕಾಳು ಒಮ್ಮೆ ಕುದಿ ಬಂದೊಡನೆ ಆ ನೀರನ್ನು ಚೆಲ್ಲಿದರೆ ಒಗರು ಹೋಗುತ್ತದೆ. ಹೊಸ ನೀರಿನಲ್ಲಿ ಬೆರಳಿಗೆ ಹಿಸುಕುವಷ್ಟು ಬೆಂದ ನಂತರವೇ ಸಿಹಿ ಸೇರಿಸಿ, ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದಿಲ್ಲ. ಸೋಸಿ ಸಿಪ್ಪೆ ತೆಗೆದರೆ ನುಣುಪಾಗುತ್ತದೆ, ಆದರೆ ನಾರಿನಂಶಕ್ಕಾಗಿ ನಾನು ಸಿಪ್ಪೆಯನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ಯೋಕಾನ್ ಗಟ್ಟಿಯಾಗುವುದು ಕಾಂತೆನ್‌ನಿಂದ, ಅಂದರೆ ಕಡಲಪಾಚಿಯಿಂದ ತೆಗೆಯುವ ಅಗರ್‌ನಿಂದ. ನಮ್ಮ ಅಂಗಡಿಗಳಲ್ಲಿ ಇದನ್ನೇ ಚೈನಾ ಗ್ರಾಸ್ ಎಂದು ಮಾರುತ್ತಾರೆ. ಅರ್ಧ ಲೀಟರ್ ನೀರಿಗೆ 4 ಗ್ರಾಂ ಪುಡಿ ಹಾಕಿ ಒಂದೆರಡು ನಿಮಿಷ ಚೆನ್ನಾಗಿ ಕುದಿಸಿ, ಹೂರಣ ಬೆರೆಸಿ ತಟ್ಟೆಗೆ ಸುರಿದರೆ ಫ್ರಿಜ್ ಇಲ್ಲದೆಯೂ ಹೆಪ್ಪುಗಟ್ಟುತ್ತದೆ. ಇದು ಮಿಜು ಯೋಕಾನ್‌ಗೆ ಹತ್ತಿರದ್ದು. ನೀರಿನಂಶ ಹೆಚ್ಚು, ಸಿಹಿ ಕಡಿಮೆ, ಜಪಾನಿನಲ್ಲಿ ಬೇಸಿಗೆಯ ತಿನಿಸು. ಅಂಗಡಿಯ ಗಟ್ಟಿ ಯೋಕಾನ್ ತಿಂಗಳುಗಟ್ಟಲೆ ಕೆಡದಿರಲು ಅದರ ಸಕ್ಕರೆಯೂ ಒಂದು ಕಾರಣವಾದುದರಿಂದ ಸಿಹಿ ಕಡಿಮೆಯಿರುವ ಈ ಮನೆಯ ಯೋಕಾನನ್ನು ಮಾತ್ರ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು.

ಸಕ್ಕರೆಯ ಬದಲು ಜೋನಿ ಬೆಲ್ಲ ಹಾಕಿದರೆ ರುಚಿ ಏರುತ್ತದೆ. ಜಪಾನಿನ ಒಕಿನಾವಾದ ಕಪ್ಪು ಸಕ್ಕರೆಯೂ ಕಬ್ಬಿನ ಹಾಲನ್ನು ಕಾಯಿಸಿಯೇ ಮಾಡುವಂಥದ್ದು. ಆದರೆ ಬೆಲ್ಲವೆಂದ ಮಾತ್ರಕ್ಕೆ ರಕ್ತದ ಸಕ್ಕರೆ ಏರದು ಎಂದು ನಂಬಬೇಡಿ.

ಉತ್ತರ: ಹಸಿರುಗುಡ್ಡ, ಹೊಸನಗರ

ಮೋಚಿಯನ್ನು ತಂದೆಯವರಿಗೆ ಕೊಡದಿರುವುದೇ ಕ್ಷೇಮ. ಅಂಟು ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗಿ ಸಕ್ಕರೆಯನ್ನು ಏರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಅದು ಗಂಟಲಿಗೆ ಅಂಟಿಕೊಳ್ಳುತ್ತದೆ. ಹೊಸ ವರ್ಷದ ದಿನಗಳಲ್ಲಿ ವೃದ್ಧರು ಮೋಚಿ ಸಿಕ್ಕಿಕೊಂಡು ಉಸಿರುಗಟ್ಟುವ ಪ್ರಕರಣಗಳು ನಡೆಯುವುದರಿಂದ, ಸಣ್ಣ ತುಂಡು ಮಾಡಿ ನಿಧಾನವಾಗಿ ಅಗಿಯಬೇಕೆಂದು ಟೋಕಿಯೊದ ಅಗ್ನಿಶಾಮಕ ಇಲಾಖೆಯೇ ಎಚ್ಚರಿಸುತ್ತದೆ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದಗಳು. ಮೋಚಿ ಬೇಡವೆಂದು ತಂಗಿಗೆ ತಿಳಿಸುತ್ತೇನೆ. ಅವಳು ತರುವ ಯೋಕಾನ್ ಎಷ್ಟು ಕೊಡಬಹುದು ಎಂದು ಅಳೆಯುವುದು ಹೇಗೆ?

ಆಗುಂಬೆ ಮಳೆ, ತೀರ್ಥಹಳ್ಳಿ

ಜಪಾನಿನ ಪೊಟ್ಟಣಗಳ ಹಿಂಬದಿಯಲ್ಲಿ ಶಕ್ತಿ, ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್, ಉಪ್ಪು ಇವಿಷ್ಟನ್ನು ಮುದ್ರಿಸುವುದು ಕಡ್ಡಾಯ. ಸಕ್ಕರೆಯನ್ನು ಬೇರೆಯಾಗಿ ತೋರಿಸಲೇಬೇಕೆಂದಿಲ್ಲ. ಕೊಳ್ಳುವಾಗಲೇ ಕಾರ್ಬೋಹೈಡ್ರೇಟ್ ಅಂಕಿಯನ್ನು, ಅದು 100 ಗ್ರಾಂಗೋ ಒಂದು ತುಂಡಿಗೋ ಎಂಬುದನ್ನೂ ಓದಿ ಬರೆದುಕೊಳ್ಳಲು ತಂಗಿಗೆ ಹೇಳಿ, ಆ ಅಂಕಿಯನ್ನು ವೈದ್ಯರಿಗೆ ತೋರಿಸಿ. ಕೊಡುವ ದಿನ ಅನ್ನವನ್ನು ಸ್ವಲ್ಪ ಕಡಿಮೆ ಬಡಿಸಿ.