ಚೀಲ ಹೊರದಿದ್ದರೂ ಕಾಲೇಕೆ ಭಾರ?

ಪ್ರಶ್ನೆ (ಬ್ಯಾಡಗಿಯಿಂದ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು):
ಮೆಣಸಿನಕಾಯಿ ಸುಗ್ಗಿಯಲ್ಲಿ ಟೆಂಡರ್ ಇರುವ ದಿನ ಮುಂಜಾನೆಯಿಂದ ಸಂಜೆಯವರೆಗೆ ಕುಳಿತಲ್ಲಿಯೇ ಲಾಟ್ ನಂಬರು, ತೂಕ, ದರಗಳನ್ನು ತಾಳೆ ನೋಡಿ ರೈತರ ಪಟ್ಟಿ ಬರೆಯುತ್ತೇನೆ. ಒಂದು ಚೀಲವನ್ನೂ ಎತ್ತುವುದಿಲ್ಲ. ಆದರೂ ಮನೆಯ ಹದಿನಾಲ್ಕು ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕೂರಬೇಕಾಗುತ್ತದೆ. ಹಮಾಲರು ದಿನವಿಡೀ ಚೀಲ ಹೊತ್ತು, ರೊಟ್ಟಿ ಉಂಡು ಮಲಗಿ, ಮರುದಿನ ನಗುತ್ತಲೇ ಬರುತ್ತಾರೆ. ನನಗೆ ಎಂಟು ತಾಸು ಮಲಗಿದರೂ ದಣಿವಾರುವುದಿಲ್ಲ. ಇದು ಮೈಯ ದಣಿವೋ, ತಲೆಯದೋ? ‘ಕುಂತು ಬರೆಯುವವಳಿಗೆ ಎಂಥ ದಣಿವು’ ಎಂದು ಮನೆಯಲ್ಲಿ ಕೇಳಿದಾಗ ಉತ್ತರ ತೋಚುವುದಿಲ್ಲ.

ಉತ್ತರ (ಧಾರವಾಡದಿಂದ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ):
ತಂಗೀ, ನಿಮ್ಮ ಮನೆಯವರಿಗೆ ಕೊಡಬೇಕಾದ ಉತ್ತರ ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 1891ರಲ್ಲಿ ಪ್ರಕಟಿಸಿದ ಬರಹದಲ್ಲಿಯೇ ಇದೆ. ನಡುಬೆರಳಿನಿಂದ ತೂಕ ಎಳೆಸುವ ಸಾಧನವೊಂದನ್ನು ಅವರು ರೂಪಿಸಿದ್ದರು. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ಮುಗಿಸಿ ಬಂದ ಪ್ರಾಧ್ಯಾಪಕರ ಬೆರಳು, ಯಾವ ಭಾರ ಹೊರದಿದ್ದರೂ, ಮೊದಲಿಗಿಂತ ಬೇಗ ಸೋಲುತ್ತಿತ್ತು. 2009ರ ಪ್ರಯೋಗವೊಂದರಲ್ಲಿ, 90 ನಿಮಿಷ ಕಂಪ್ಯೂಟರಿನಲ್ಲಿ ಬಹಳ ಎಚ್ಚರ ಬೇಡುವ ಕೆಲಸ ಮಾಡಿ ಸೈಕಲ್ ತುಳಿದವರು ಸರಾಸರಿ 640 ಸೆಕೆಂಡಿಗೆ ಸೋತರು. ಅವರೇ ಇನ್ನೊಂದು ದಿನ ಸಾಕ್ಷ್ಯಚಿತ್ರ ನೋಡಿ ಬಂದು ತುಳಿದಾಗ 754 ಸೆಕೆಂಡು ತಾಳಿದ್ದರು. ಹೃದಯವಾಗಲಿ ಸ್ನಾಯುವಾಗಲಿ ಕೈಕೊಟ್ಟಿರಲಿಲ್ಲ, ಅಷ್ಟೇ ಶ್ರಮ ಹೆಚ್ಚು ಭಾರವೆನಿಸಿತ್ತು. ಹಮಾಲರ ಸ್ನಾಯುಗಳಲ್ಲಿ ಖರ್ಚಾದ ಗ್ಲೈಕೋಜೆನ್, ಅಂದರೆ ಕೂಡಿಟ್ಟ ಸಕ್ಕರೆ, ಊಟ, ನಿದ್ದೆಯಿಂದ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. (ಅವರ ಬೆನ್ನು, ಮಂಡಿಗಳ ಮಾತು ಬೇರೆ, ನಗುತ್ತಾರೆಂದು ನೋವಿಲ್ಲವೆಂದು ತಿಳಿಯಬೇಡಿ.)

ಉತ್ತರ (ಹುಬ್ಬಳ್ಳಿಯಿಂದ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು):
ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಂಟು ತಾಸಿನ ನಿದ್ದೆಗೂ ಆರದ ದಣಿವನ್ನು ಪೂರಾ ತಲೆಯ ಲೆಕ್ಕಕ್ಕೆ ಬರೆಯುವುದು ಅವಸರವಾದೀತು. ಅಕ್ಕಾ, ಅಂಗಡಿಗೆ ರಜೆ ಇರುವ ದಿನವೂ ಮೆಟ್ಟಿಲ ನಡುವೆ ಕೂರುತ್ತೀರಾ? ಹಾಗಿದ್ದರೆ ವೈದ್ಯರಿಗೆ ತೋರಿಸಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ; ಸಸ್ಯಾಹಾರಿಗಳಾಗಿದ್ದರೆ ಬಿ12 ಕೂಡ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಎದೆ ಹಿಡಿದಂತಾದರೆ ಒಂದು ದಿನವೂ ಕಾಯಬೇಡಿ. ಸಂಜೆಯ ಚಹಾ ದಣಿವನ್ನು ಕಳೆಯುವುದಿಲ್ಲ, ಮರೆಮಾಚುತ್ತದೆ. ಅದರ ಕೆಫೀನ್ ಸುಮಾರು ಐದು ತಾಸಿನ ನಂತರವೂ ಅರ್ಧದಷ್ಟು ಉಳಿದಿದ್ದು ನಿದ್ದೆಯನ್ನು ಹಗುರಾಗಿಸುತ್ತದೆ.

ಪ್ರಶ್ನೆ ಕೇಳಿದವರು:
ರಜೆಯ ದಿನವೂ ಕೂರುತ್ತೇನೆ. ನೀವು ಕೇಳುವವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ನಾಳೆ ಡಾಕ್ಟರರ ಬಳಿ ಹೋಗುತ್ತೇನೆ. ಹಿಮೋಗ್ಲೋಬಿನ್‌ಗೆ ಖಾಲಿ ಹೊಟ್ಟೆಯಲ್ಲಿ ಇರಬೇಕೇ?

ಉತ್ತರ (ಹುಬ್ಬಳ್ಳಿಯಿಂದ):
ಬೇಕಿಲ್ಲ ಅಕ್ಕಾ, ನಾಷ್ಟಾ ಮಾಡಿಯೇ ಹೋಗಿ.