ಮುಯ್ಯಾಳು ಅಂದ್ರೆ ಏನಜ್ಜಿ?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಜುಲೈ-ಆಗಸ್ಟ್ ರಜೆ, ಟೊರಾಂಟೊದಿಂದ ಆರು ವಾರಕ್ಕೆ ಊರಿಗೆ ಬಂದಿದ್ದೇವೆ. ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ, ಅಮ್ಮನ ಮನೆ. ಹೋದ ತಿಂಗಳು ನಮ್ಮ ಗುಂಪಿನಲ್ಲಿ ನಡೆದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ಹಂಚಿಕೊಂಡು ತಿನ್ನು, ಬಿಟ್ಟುಕೊಡು ಅಂತ ಬೆಳೆಸಿದರೆ ಕೆನಡಾದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳಲ್ವಾ?" ಅಂತ ಒಬ್ಬರು ಕೇಳಿದ್ದರು. ಕೆಲವರು ಹೌದು ಅಂದರು. ಕೆಲವರು ನಮ್ಮ ಸಂಸ್ಕೃತಿಯೇ ಮೇಲು, ಅಲ್ಲಿಯವರಿಗೆ ಬರೀ ಸ್ವಾರ್ಥ ಅಂದರು. ಆಗ ನಾನು ಏನೂ ಬರೆಯಲಿಲ್ಲ. ಇಲ್ಲಿ ಬಂದ ಮೇಲೆ ಹೇಳೋಕೆ ಒಂದು ಮಾತು ಸಿಕ್ಕಿದೆ.

ಮೊನ್ನೆ ಅಮ್ಮನ ಹುಳು ಮನೆಯಲ್ಲಿ ಹುಳು ಹಣ್ಣಾಯಿತು. ರೇಷ್ಮೆ ಸಾಕಿದ ಮನೆಯವರಿಗೆ ಆ ದಿನದ ಗಡಿಬಿಡಿ ಗೊತ್ತಿರುತ್ತದೆ. ನಾಲ್ಕು ಜ್ವರ (ಪೊರೆ ಬಿಡುವ ಹೊತ್ತು) ದಾಟಿ, ವಾರದ ಮೇಲೆ ಸೊಪ್ಪು ತಿಂದ ಹುಳು ಇದ್ದಕ್ಕಿದ್ದಂತೆ ಬಾಯಿ ಕಟ್ಟುತ್ತದೆ. ಮೈ ಬೆಣ್ಣೆ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ತಲೆ ಎತ್ತಿ ಅತ್ತಿತ್ತ ಹುಡುಕುತ್ತದೆ. ಆಗಲೇ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ಹಾಸಿಗೆಯಲ್ಲೇ ನೂಲು ಬಿಟ್ಟು ಹಾಳು. ಅಮ್ಮ ಸಾಕಿದ್ದು 200 ಮೊಟ್ಟೆ. ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಒಂದು ಮೊಟ್ಟೆಗೆ ನಾನೂರು-ಐನೂರು ಹುಳು ಅಂದರೂ ಲೆಕ್ಕ ಎಂಬತ್ತು ಸಾವಿರ ದಾಟುತ್ತದೆ. ಒಂದು ಮನೆಯವರ ಕೈಲಿ ಆಗುವ ಕೆಲಸವಲ್ಲ.

ಬೆಳಗ್ಗೆ ಐದೂವರೆಗೆಲ್ಲ ಪಕ್ಕದ ಬೀದಿಯಿಂದ ಒಂಬತ್ತು ಜನ ಬಂದರು. ಕರೆಯೋಕೆ ಯಾರೂ ಹೋಗಿರಲಿಲ್ಲ. ಹಿಂದಿನ ರಾತ್ರಿ ಹಾಲು ಹಾಕೋಕೆ ಹೋದಾಗ "ನಾಳೆ ಹಣ್ಣಾಗುತ್ತೆ" ಅಂತ ಅಮ್ಮ ಅಂದಿದ್ದೇ ಸಾಕಾಯಿತು. ನನ್ನ ಮಗಳಿಗೆ ಒಂಬತ್ತು ವರ್ಷ. ಅಜ್ಜಿ ಪಕ್ಕ ಕೂತು ಮೊದಲು ಎರಡು ಬೆರಳಲ್ಲಿ ಹೆದರಿ ಹೆದರಿ ಎತ್ತಿದಳು, ಆಮೇಲೆ ಅಂಗೈ ತುಂಬ. ನಡುವೆ ಕೇಳಿದಳು:

"ಅಜ್ಜಿ, ಇವರಿಗೆಲ್ಲ ಎಷ್ಟು ದುಡ್ಡು ಕೊಡ್ತೀರ?"

"ದುಡ್ಡು ಯಾಕಮ್ಮ? ಮುಯ್ಯಾಳು."

"ಮುಯ್ಯಾಳು ಅಂದ್ರೆ ಏನಜ್ಜಿ?"

"ಹೋದ ಬೆಳೆಗೆ ನಾನು ಅವರ ಮನೆಗೆ ಹೋಗಿದ್ದೆ. ಈಗ ಅವರು ಬಂದಿದ್ದಾರೆ."

"ಅವರು ಬರದೇ ಇದ್ದಿದ್ರೆ?"

ಅಮ್ಮ ಕೈ ನಿಲ್ಲಿಸದೆ ಹೇಳಿದರು: "ಒಂದು ಸಲ ಬರಲಿಲ್ಲ ಅಂದ್ರೆ ಏನೋ ಕಷ್ಟ ಇರುತ್ತೆ. ಎರಡನೇ ಸಲಾನೂ ಬರಲಿಲ್ಲ ಅಂದ್ರೆ ನಾನೂ ಹೋಗಲ್ಲ."

ನನಗೆ ಮೈ ಜುಮ್ಮೆಂದಿತು. ಎಂಬಿಎ ಓದುವಾಗ ಗೇಮ್ ಥಿಯರಿಯಲ್ಲಿ ಇದೇ ಮಾತನ್ನು ಪಾಠವಾಗಿ ಕಲಿತಿದ್ದೆ. ಅಮ್ಮ ಓದಿದ್ದು ಏಳನೇ ಕ್ಲಾಸು.

ಆ ಪಾಠ ಹೀಗಿದೆ. ಇಬ್ಬರು ಆಟಗಾರರು. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರು ಇನ್ನೊಬ್ಬರ ಜೊತೆ ನಿಲ್ಲಬಹುದು, ಇಲ್ಲವೇ ಕೈಕೊಡಬಹುದು. ಇಬ್ಬರೂ ಜೊತೆ ನಿಂತರೆ ಇಬ್ಬರಿಗೂ ಒಳ್ಳೆಯದು. ನೀವು ನಂಬಿ ನಿಂತಾಗ ಅವನು ಕೈಕೊಟ್ಟರೆ ಅವನಿಗೆ ಜಾಸ್ತಿ ಲಾಭ, ನಿಮಗೆ ನಷ್ಟ. ಒಂದೇ ಸುತ್ತಿನ ಆಟವಾದರೆ ಕೈಕೊಡೋದೇ ಲೆಕ್ಕಕ್ಕೆ ಸರಿ. ಆದರೆ ಅದೇ ಇಬ್ಬರು ಮತ್ತೆ ಮತ್ತೆ ಆಡಿದರೆ? 1980ರ ಸುಮಾರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಇದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಿದರು. ಮೊದಲ ಸ್ಪರ್ಧೆಗೆ ಈ ಆಟ ಆಡುವ 14 ಪ್ರೋಗ್ರಾಂಗಳು ಬೇರೆ ಬೇರೆಯವರಿಂದ ಬಂದವು. ಗೆದ್ದಿದ್ದು ಎಲ್ಲಕ್ಕಿಂತ ಚಿಕ್ಕದು. ಕಳಿಸಿದ್ದು ನಮ್ಮ ಟೊರಾಂಟೊದಲ್ಲೇ ಪಾಠ ಮಾಡುತ್ತಿದ್ದ ಅನಟೋಲ್ ರಾಪೊಪೋರ್ಟ್. ಅದರ ನಿಯಮ ಇಷ್ಟೇ: ಮೊದಲು ಒಳ್ಳೆಯವನಾಗಿರು. ಆಮೇಲೆ ಎದುರಿನವನು ಹೋದ ಸಲ ಏನು ಮಾಡಿದನೋ ಅದನ್ನೇ ಮಾಡು. ನಮ್ಮ ಮಾತಲ್ಲಿ ಮುಯ್ಯಿಗೆ ಮುಯ್ಯಿ. ಮದುವೆಯಲ್ಲಿ ಉಡುಗೊರೆ ಓದಿಸೋದೂ ಮುಯ್ಯಿ, ಸೇಡು ತೀರಿಸೋದೂ ಮುಯ್ಯಿ. ಎರಡಕ್ಕೂ ಒಂದೇ ಪದ ಇಟ್ಟ ನಮ್ಮ ಹಿರಿಯರಿಗೆ ಈ ಆಟ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಅಮ್ಮನ ನಿಯಮ ಅದಕ್ಕಿಂತ ಒಂದು ಹೆಜ್ಜೆ ಮೃದು. ಎರಡು ಸಲ ಕೈಕೊಟ್ಟರೆ ಮಾತ್ರ ತಾನೂ ನಿಲ್ಲಿಸುತ್ತಾರೆ. ಆ ಮೊದಲ ಸ್ಪರ್ಧೆಗೆ ಇಂಥ ಪ್ರೋಗ್ರಾಂ ಯಾರಾದರೂ ಕಳಿಸಿದ್ದರೆ ಅದೇ ಗೆಲ್ಲುತ್ತಿತ್ತು ಅಂತ ಆಕ್ಸೆಲ್‌ರಾಡ್ ಲೆಕ್ಕ ಹಾಕಿ ಹೇಳಿದರು. ಎರಡನೇ ಸ್ಪರ್ಧೆಗೆ ಅದನ್ನು ಕಳಿಸಿದವರೂ ಇದ್ದರು. ಆದರೆ ಆ ಸಲ ಅದು 24ನೇ ಸ್ಥಾನಕ್ಕೆ ಇಳಿಯಿತು. ಕ್ಷಮಿಸುವ ಗುಣವನ್ನೇ ದುರುಪಯೋಗ ಮಾಡಿಕೊಳ್ಳುವ ಪ್ರೋಗ್ರಾಂಗಳು ಆಗ ಬಂದಿದ್ದವು. ಗುಣ ಅದೇ, ಜೊತೆಗಾರರು ಬೇರೆ. ನನ್ನ ಮಟ್ಟಿಗೆ ನಮ್ಮ ಗುಂಪಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಮ್ಮನಿಗೆ ಆ ಒಂಬತ್ತು ಜನರ ಮನೆಯ ಒಳಹೊರಗು ಗೊತ್ತು. ಬರದೇ ಇದ್ದವರಿಗೆ ಕಷ್ಟ ಇದೆಯೋ ಕಳ್ಳಾಟವೋ ಅಂತ ಸಂಜೆಯೊಳಗೆ ತಿಳಿಯುತ್ತದೆ. ಟೊರಾಂಟೊದ ಕ್ಲಾಸಿನಲ್ಲಿ ನನ್ನ ಮಗಳಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಬಿಟ್ಟುಕೊಡು ಅಂತ ಮಾತ್ರ ಹೇಳಿಕೊಟ್ಟರೆ ಅರ್ಧ ಆಟ ಕಲಿಸಿದ ಹಾಗೆ.

ಹಾಗಂತ ಅಲ್ಲಿಯವರೆಲ್ಲ ಸ್ವಾರ್ಥಿಗಳು ಅನ್ನೋದನ್ನು ನಾನು ಒಪ್ಪಲ್ಲ. 2015ರಲ್ಲಿ ಏಳು ದೇಶಗಳ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಭಾರತವೂ ಇತ್ತು, ಕೆನಡಾವೂ ಇತ್ತು. ಇಬ್ಬರು ಮಕ್ಕಳಿಗೆ ಸಿಹಿ ಹಂಚಿಕೆ. ತೀರ್ಮಾನ ಇಬ್ಬರಲ್ಲಿ ಒಬ್ಬರದು, ಅವರು ಬೇಡ ಅಂದರೆ ಇಬ್ಬರಿಗೂ ಇಲ್ಲ. ತನಗೆ ಕಡಿಮೆ ಬಂದಾಗ ಏಳೂ ಕಡೆಯ ಮಕ್ಕಳು ಬೇಡ ಅಂದರು. ತನಗೇ ಜಾಸ್ತಿ ಬಂದಾಗಲೂ ಬೇಡ ಅಂದಿದ್ದು ಮೂರೇ ದೇಶದ ದೊಡ್ಡ ಮಕ್ಕಳು: ಕೆನಡಾ, ಅಮೆರಿಕ, ಉಗಾಂಡ. ಭಾರತದ್ದು ಆ ಮೂರರಲ್ಲಿಲ್ಲ. ಓದಿದಾಗ ನನಗೆ ಬೇಜಾರಾಯಿತು. ಆಮೇಲೆ ಅಮ್ಮನ ಮನೆ ನೆನಪಾಯಿತು. ಇವತ್ತು ಅಣ್ಣನಿಗೆ ಜಾಸ್ತಿ ಬಿದ್ದರೆ ನಾಳೆ ನನಗೆ, ಅಷ್ಟೇ. ಆ ಕ್ಷಣಕ್ಕೇ ತಕ್ಕಡಿ ಹಿಡಿಯೋ ಅಭ್ಯಾಸ ನಮಗಿರಲಿಲ್ಲ. ಇದು ಸಂಶೋಧಕರು ಹೇಳಿದ್ದಲ್ಲ, ನನ್ನ ಅನಿಸಿಕೆ.

ಮುಯ್ಯಿಗೆ ಭಾರವೂ ಇದೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಜೊತೆಯವರು 15 ಸಣ್ಣ ಸಮುದಾಯಗಳಲ್ಲಿ ಇನ್ನೊಂದು ಆಟ ಆಡಿಸಿದ್ದರು. ನಿಮ್ಮ ಕೈಗೆ ದುಡ್ಡು ಕೊಡುತ್ತಾರೆ, ಪಾಲು ನೀವು ಹೇಳಬೇಕು, ಎದುರಿನವರು ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಪೆರುವಿನ ಮಾಚಿಗೆಂಗಾ ಜನ ಸರಾಸರಿ 26% ಕೊಟ್ಟರು, ಎದುರಿನವರು ಹೆಚ್ಚುಕಡಿಮೆ ಎಲ್ಲರೂ ಸುಮ್ನೆ ತಗೊಂಡರು. ಇಂಡೋನೇಷ್ಯಾದ ಲಾಮಲೆರಾದಲ್ಲಿ ಜನ ಒಟ್ಟಾಗಿ ದೋಣಿ ಹತ್ತಿ ತಿಮಿಂಗಿಲ ಹಿಡಿಯುತ್ತಾರೆ. ಅವರು ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ಪಪುವಾ ನ್ಯೂಗಿನಿಯ ಔ, ಗ್ನೌ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಟ್ಟರೂ ಬೇಡ ಅಂದವರಿದ್ದರು. ದೊಡ್ಡ ಉಡುಗೊರೆ ತಗೊಂಡರೆ ಕೊಟ್ಟವರ ಋಣಕ್ಕೆ ಬೀಳಬೇಕಲ್ಲ. ಅಮ್ಮನ ಟ್ರಂಕಿನಲ್ಲಿ ನನ್ನ ಮದುವೆಯ ಮುಯ್ಯಿ ಪುಸ್ತಕ ಇದೆ, ಗೆರೆ ಹಾಕಿದ ಉದ್ದ ನೋಟ್‌ಬುಕ್ಕು. 101, 51, ಒಂದು ಸ್ಟೀಲ್ ಬಿಂದಿಗೆ, ಒಂದು ರವಿಕೆ ಬಟ್ಟೆ. ಒಂದು ಸಾಲಿನಲ್ಲಿ ಹೆಸರಿನ ಮುಂದೆ "ವಾಪಸ್ ಕೊಟ್ಟಿದೆ" ಅಂತಿದೆ. ಯಾಕೆ ಅಂತ ಕೇಳಿದೆ. "ಅವರು ಬಂಗಾರ ತಂದಿದ್ರು. ತೀರಿಸೋಕೆ ನಮ್ಮ ಕೈಲಿ ಆಗ್ತಿತ್ತಾ?" ಅಂದರು.

ಇನ್ನೊಂದನ್ನೂ ಮುಚ್ಚಿಡಬಾರದು. ಈ ಮುಯ್ಯಾಳಿನ ಬಳಗಕ್ಕೆ ಊರಿನ ಎಲ್ಲ ಕೇರಿಯವರೂ ಸೇರಿರಲಿಲ್ಲ. ಜಾತಿಯ ಗೆರೆ ಇತ್ತು, ಇವತ್ತಿಗೂ ಪೂರ್ತಿ ಅಳಿಸಿಲ್ಲ. ಹೆನ್ರಿಕ್ ತಂಡಕ್ಕೆ ಕಂಡಿದ್ದೂ ಇದರ ಹತ್ತಿರದ ವಿಷಯ: ಗುರುತಿಲ್ಲದವರ ಜೊತೆಯೂ ವ್ಯವಹರಿಸಬೇಕಾದ ಸಂತೆ ವ್ಯಾಪಾರದ ರೂಢಿ ಜಾಸ್ತಿ ಇದ್ದ ಸಮುದಾಯಗಳಲ್ಲಿ ಜನ ಹೆಚ್ಚು ಪಾಲು ಕೊಟ್ಟರು. ಹಾಗಾಗಿ ಮಕ್ಕಳಿಗೆ ಊರಿನ ಮುಯ್ಯಿ ಬೇಕು, ಆದರೆ ಊರಿನ ಗೆರೆ ಬೇಡ. ಗುರುತಿಲ್ಲದವರ ಜೊತೆ ನ್ಯಾಯವಾಗಿ ನಡೆದುಕೊಳ್ಳೋದನ್ನು ಅಲ್ಲಿಯ ಸ್ಕೂಲು ಚೆನ್ನಾಗಿ ಕಲಿಸುತ್ತಿದೆ. ಅದು ಸಣ್ಣದಲ್ಲ.

ಅಲ್ಲಿ ನಮಗೆ ಇಲ್ಲದಿರೋದು ಮತ್ತೆ ಮತ್ತೆ ಆಡುವ ಆಟ. ಮೂರು ವರ್ಷದ ಹಿಂದೆ ನಮ್ಮ ಕಡೆಯವರೇ ಒಬ್ಬರಿಗೆ ಬಾಣಂತನಕ್ಕೆ ಯಾರೂ ಇರಲಿಲ್ಲ. ಹನ್ನೊಂದು ದಿನ ಸಾರು, ಮೆಣಸಿನ ಪುಡಿ ಅನ್ನ ಮಾಡಿ ತಲುಪಿಸಿದೆ. ಹನ್ನೆರಡನೇ ದಿನ ಫೋನಿಗೆ ಗಿಫ್ಟ್ ಕಾರ್ಡ್ ಬಂತು. ಅವರದು ಒಳ್ಳೆಯ ಮನಸ್ಸೇ, ನನಗೆ ಗೊತ್ತು. ಆದರೂ ಅವತ್ತು ಅತ್ತುಬಿಟ್ಟೆ. ಲೆಕ್ಕ ಚುಕ್ತಾ ಆಗಿಹೋಯಿತು. ಊರಲ್ಲಿ 101 ಓದಿಸಿದವರಿಗೆ ವರ್ಷಗಳಾದ ಮೇಲೆ 151 ಓದಿಸುತ್ತಾರೆ, ಆ 50 ಇನ್ನೊಂದು ಸಲ ಬರಲಿ ಅಂತ. ಆ ಬಾಕಿಯಲ್ಲೇ ಸಂಬಂಧ ಇರೋದು, ಅಲ್ವಾ?

ಸೆಪ್ಟೆಂಬರಿನಲ್ಲಿ ವಾಪಸ್ ಬಂದ ಮೇಲೆ ಮುಯ್ಯಾಳು ಶುರು ಮಾಡೋಣ ಅಂತಿದ್ದೇನೆ. ಐದಾರು ಮನೆ ಸಾಕು. ತಿಂಗಳಿಗೊಂದು ಶನಿವಾರ ಒಂದು ಮನೆ. ಹಿತ್ತಲು ಗುಡಿಸೋದು, ಮನೆ ಬದಲಿಸೋದು, ಚಳಿಗಾಲದಲ್ಲಿ ಹಿಮ ತೆಗೆಯೋದು, ಬಾಣಂತಿಗೆ ಅಡುಗೆ, ಏನಿದ್ದರೂ ಸರಿ. ಮಕ್ಕಳೂ ಕೈ ಹಾಕಬೇಕು. ದುಡ್ಡು ಬೇಡ, ಗಿಫ್ಟ್ ಕಾರ್ಡೂ ಬೇಡ, ಊಟ ಮಾತ್ರ ಆ ಮನೆಯಲ್ಲಿ. ಕನ್ನಡದವರೇ ಆಗಬೇಕು ಅಂತಿಲ್ಲ. ನಮ್ಮ ಪಕ್ಕದ ಮನೆಯ ಫಿಲಿಪೀನ್ಸ್ ದಂಪತಿ ಬರುತ್ತೇವೆ ಅಂದಿದ್ದಾರೆ. ಲೆಕ್ಕ ಬರೆಯೋಕೆ ಶಿಡ್ಲಘಟ್ಟದ ಅಂಗಡಿಯಲ್ಲಿ ಉದ್ದ ನೋಟ್‌ಬುಕ್ಕು ಕೊಂಡು ಮಗಳು ಸೂಟ್‌ಕೇಸಿಗೆ ಹಾಕಿಕೊಂಡಿದ್ದಾಳೆ. ಯಾರು ಯಾರು ಸೇರುತ್ತೀರಿ, ಕೆಳಗೆ ಬರೆಯಿರಿ. ಮೊದಲ ಶನಿವಾರ ಯಾರ ಮನೆಯಲ್ಲಿ ಅಂತಾನೂ ಹೇಳಿ.